ಬೇಟೆನಾಯಿಯ ಕೊರಳಲ್ಲೊಂದು ಬಾನುಲಿ

ಕಾಡಂಚಿನ ಊರುಗಳಲ್ಲಿ ಮೇಯಲು ಬಿಡುವ ದನದ ಕೊರಳಿಗೆ ಗಂಟೆ ಕಟ್ಟುವ ಪದ್ಧತಿ ನಿಮಗೆಲ್ಲ ಗೊತ್ತು. ಸಂಜೆ ದನ ಕೊಟ್ಟಿಗೆಗೆ ಬರಲಿಲ್ಲವೆಂದರೆ ಮನೆಯವರು ಗುಡ್ಡದ ತಲೆಯಲ್ಲಿ ನಿಂತು ಕಿವಿಗೊಡುತ್ತಾರೆ. ಗಂಟೆಯ ಸದ್ದು ಬಂದ ಕಡೆ ಹೋದರೆ ದನ ಸಿಕ್ಕಿತು. ಆದರೆ ಗಂಟೆ ಕೆಲಸಕ್ಕೆ ಬರುವುದು ಕಿವಿಗೆ ಕೇಳಿಸುವಷ್ಟು ದೂರ ಮಾತ್ರ. ದನ ಇನ್ನೊಂದು ಗುಡ್ಡ ದಾಟಿತೆಂದರೆ ಗಂಟೆಯೂ ಇಲ್ಲ, ದನವೂ ಇಲ್ಲ. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ನಾನು ಇಂದು ಹೇಳಹೊರಟಿರುವುದು ಇಂಥದೇ ಒಂದು ಗಂಟೆಯ ವಿಷಯ. ಇದು ಸದ್ದು ಮಾಡದ ಗಂಟೆ. ಕಟ್ಟುವುದು ದನಕ್ಕಲ್ಲ, ಬೇಟೆನಾಯಿಗೆ. ಕಟ್ಟುವ ಊರೂ ನಮ್ಮದಲ್ಲ, ಉತ್ತರ ಯೂರೋಪಿನ ಸ್ವೀಡನ್ ದೇಶ. ಅಷ್ಟು ದೂರದ ಸಂಗತಿ ನಮಗೇಕೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ, ಮಾತು ಮುಗಿಯುವ ಹೊತ್ತಿಗೆ ಅದು ನಮ್ಮ ಕಾಡಿಗೇ ಬಂದು ಮುಟ್ಟುತ್ತದೆ.

ಸ್ವೀಡನ್ನಿನ ನೆಲದ ಮೂರನೆಯ ಎರಡು ಪಾಲು ಕಾಡು. ಆ ಕಾಡಿನಲ್ಲಿ ಮೂಸ್ ಎಂಬ ಪ್ರಾಣಿ ಇದೆ. ಜಿಂಕೆಯ ಕುಲದ್ದು, ಆದರೆ ನಮ್ಮ ಕಡವೆಗಿಂತ ಬಹಳ ದೊಡ್ಡದು. ಎತ್ತರದಲ್ಲಿ ಕುದುರೆಗೆ ಸಮ, ಬೆಳೆದ ಗಂಡು 400 ಕಿಲೋಗ್ರಾಂ ಮೀರಿ ತೂಗಬಹುದು. ಅದು ಪೈನ್ ಮರದ ಎಳೆಯ ಸಸಿಗಳನ್ನು ತಿಂದು ಹಾಕುತ್ತದೆ. ರಾತ್ರಿಯಲ್ಲಿ ರಸ್ತೆಗೆ ಅಡ್ಡಬಂದು ಕಾರುಗಳಿಗೆ ಅಪಘಾತ ತರುತ್ತದೆ. ಆದ್ದರಿಂದ ಸರ್ಕಾರವೇ ಲೆಕ್ಕ ಹಾಕಿ ಪ್ರತಿವರ್ಷ ಇಷ್ಟು ಮೂಸ್‌ಗಳನ್ನು ಬೇಟೆಯಾಡಬಹುದೆಂದು ಅನುಮತಿ ಕೊಡುತ್ತದೆ. 1982ರಲ್ಲಿ ಒಂದೇ ವರ್ಷ 1,70,000ಕ್ಕೂ ಹೆಚ್ಚು ಮೂಸ್‌ಗಳು ಬೇಟೆಗೆ ಬಿದ್ದವು. ಆಮೇಲೆ ಆ ಸಂಖ್ಯೆ ಬಹಳ ಇಳಿದಿದೆ. ಮಾಂಸ ಮನೆಮನೆಗೆ ಹಂಚಿಹೋಗಿ ಚಳಿಗಾಲದ ಊಟವಾಗುತ್ತದೆ. ಬೇಟೆಯ ಹಂಗಾಮು ಉತ್ತರದಲ್ಲಿ ಸೆಪ್ಟೆಂಬರಿನಲ್ಲಿ, ದಕ್ಷಿಣದಲ್ಲಿ ಅಕ್ಟೋಬರಿನಲ್ಲಿ ತೊಡಗುತ್ತದೆ. ನಮ್ಮಲ್ಲಿ ಸುಗ್ಗಿಗೆ ಊರಿಗೆ ಊರೇ ಸೇರುವಂತೆ ಅಲ್ಲಿ ನೆರೆಹೊರೆಯವರು ತಂಡ ಕಟ್ಟಿಕೊಂಡು ಕಾಡಿಗೆ ಹೊರಡುತ್ತಾರೆ.

ಈ ಬೇಟೆಯಲ್ಲಿ ನಾಯಿಯ ಪಾತ್ರ ದೊಡ್ಡದು. ಅಲ್ಲಿನ ಯೆಮ್ಟ್‌ಲಂಡ್ ಪ್ರಾಂತದ ಹೆಸರು ಹೊತ್ತ ಯೆಮ್ಟ್‌ಹುಂಡ್ ಎಂಬ ಬೂದುಬಣ್ಣದ ನಾಯಿಯನ್ನು 1946ರಲ್ಲಿ ಪ್ರತ್ಯೇಕ ತಳಿಯೆಂದು ಅಂಗೀಕರಿಸಿದರು. ನಿಮಿರಿದ ಕಿವಿ, ಬೆನ್ನಮೇಲೆ ಸುರುಳಿಯಾಗಿ ಬಿದ್ದ ಬಾಲ, ದಟ್ಟವಾದ ತುಪ್ಪಳ. ನಮ್ಮ ಮುಧೋಳ ನಾಯಿ ಕಣ್ಣಿಗೆ ಬಿದ್ದ ಬೇಟೆಯನ್ನು ಓಡಿ ಹಿಡಿಯುವ ಜಾತಿ. ಇದರ ರೀತಿ ಬೇರೆ. ಒಡೆಯ ಹಗ್ಗ ಬಿಚ್ಚಿದೊಡನೆ ಇದು ಒಂಟಿಯಾಗಿ ಕಾಡು ಹೊಗುತ್ತದೆ. ಮೂಗಿನಿಂದಲೇ ಮೂಸ್ ಇರುವ ಕಡೆ ಹುಡುಕುತ್ತದೆ. ಸಿಕ್ಕಿದ ಮೇಲೆ ಮೈಮೇಲೆ ಬೀಳದೆ, ಓಡಿಹೋಗಲೂ ಬಿಡದೆ, ಎದುರು ನಿಂತು ಒಂದೇ ಸಮನೆ ಬೊಗಳುತ್ತದೆ. ಮೂಸ್ ನಾಯಿಯ ಕಡೆಗೇ ಗಮನವಿಟ್ಟು ನಿಂತಿರುತ್ತದೆ. ಬೊಗಳುವ ಸದ್ದಿನ ಜಾಡು ಹಿಡಿದು ಬೇಟೆಗಾರ ಗಾಳಿಗೆ ಎದುರಾಗಿ ಮೆಲ್ಲಮೆಲ್ಲನೆ ಹತ್ತಿರ ಬರಬೇಕು.

ಹೇಳುವುದು ಸುಲಭ. ಮೂಸ್ ನಿಲ್ಲದೆ ಓಡಿಬಿಟ್ಟರೆ? ನಾಯಿ ಬೆನ್ನಟ್ಟುತ್ತದೆ, ಎರಡು ಗುಡ್ಡ ಮೂರು ಕೆರೆ ದಾಟಿ ಕಿವಿಗೆ ಮೀರಿ ಹೋಗುತ್ತದೆ. ಹಿಂದಿನ ಕಾಲದಲ್ಲಿ ಒಡೆಯ ಮಾಡುತ್ತಿದ್ದುದು ಒಂದೇ: ನಾಯಿ ಬಿಟ್ಟ ಜಾಗದಲ್ಲಿ ತನ್ನ ಕೋಟನ್ನು ಹಾಸಿ, ಅದು ವಾಸನೆ ಹಿಡಿದು ಹಿಂದಿರುಗಲೆಂದು ಕಾಯುವುದು. ಕೆಲವು ನಾಯಿಗಳು ಬೆಳಗಾಗುವ ಹೊತ್ತಿಗೆ ಕೋಟಿನ ಮೇಲೆ ಮಲಗಿರುತ್ತಿದ್ದವು. ಕೆಲವು ಬರುತ್ತಲೇ ಇರಲಿಲ್ಲ.

ಆಮೇಲೆ ಬಾನುಲಿಯ ಸಹಾಯ ಬಂತು. ನಾಯಿಯ ಕೊರಳಪಟ್ಟಿಯಲ್ಲಿ ಒಂದು ಪುಟ್ಟ ಪ್ರಸಾರಕ. ಟಿಕ್ ಟಿಕ್ ಎಂದು ಸಂಜ್ಞೆ ಕಳಿಸುವುದಷ್ಟೇ ಅದರ ಕೆಲಸ. ಬೇಟೆಗಾರನ ಕೈಯಲ್ಲಿ ಮೀನಿನ ಮುಳ್ಳಿನ ಆಕಾರದ ಏರಿಯಲ್. ನೀವು ಟ್ರಾನ್ಸಿಸ್ಟರ್ ಪೆಟ್ಟಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿದಾಗ ಧ್ವನಿ ಏರುವುದನ್ನೂ ಇಳಿಯುವುದನ್ನೂ ಗಮನಿಸಿರಬೇಕು. ಅದೇ ನ್ಯಾಯ. ಏರಿಯಲನ್ನು ತಿರುಗಿಸುತ್ತ ಹೋದರೆ ಸಂಜ್ಞೆ ಜೋರಾಗಿ ಕೇಳಿದ ದಿಕ್ಕಿನಲ್ಲಿ ನಾಯಿ. ದಿಕ್ಕು ತಿಳಿಯಿತು, ದೂರ ತಿಳಿಯಲಿಲ್ಲ. ಬಂಡೆಗೆ ತಾಗಿ ಹಿಂದಿರುಗಿದ ಸಂಜ್ಞೆ ದಿಕ್ಕನ್ನೂ ತಪ್ಪಿಸುತ್ತಿತ್ತು.

ಈ ಕೊರತೆಯನ್ನು ನೀಗಿಸಿದ್ದು ಜಿ.ಪಿ.ಎಸ್. ವ್ಯವಸ್ಥೆ. ಇದರ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಉಂಟು. ಆಕಾಶದ ಉಪಗ್ರಹ ಕೆಳಗೆ ನೋಡಿ ನಾಯಿಯನ್ನು ಕಾಯುತ್ತಿರುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ಉಪಗ್ರಹಕ್ಕೆ ನಾಯಿಯ ಗೊಡವೆಯೇ ಇಲ್ಲ. ಈ ಭಾಷಣವನ್ನು ನಿಮ್ಮ ಮನೆಯಲ್ಲಿ ಯಾರು ಕೇಳುತ್ತಿದ್ದಾರೆ, ಯಾರು ತೂಕಡಿಸುತ್ತಿದ್ದಾರೆ ಎಂಬುದು ನನಗೆ ಹೇಗೆ ತಿಳಿಯದೋ ಹಾಗೆಯೇ ಉಪಗ್ರಹಕ್ಕೂ ತಿಳಿಯದು. ಅದು ಮಾತಾಡುತ್ತದೆ, ಕೊರಳಪಟ್ಟಿ ಕೇಳುತ್ತದೆ.

ಏನು ಮಾತಾಡುತ್ತದೆ? ಅಮೆರಿಕ ಈ ವ್ಯವಸ್ಥೆಯನ್ನು 1973ರಲ್ಲಿ ಕೈಗೆತ್ತಿಕೊಂಡಿತು. ಮೊದಲ ಉಪಗ್ರಹ 1978ರಲ್ಲಿ ಮೇಲೇರಿತು. ಕನಿಷ್ಠ 24 ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆ ಎರಡು ಬಾರಿ ಭೂಮಿಯನ್ನು ಸುತ್ತುತ್ತವೆ. ಒಂದೊಂದರಲ್ಲೂ ಅತ್ಯಂತ ಕರಾರುವಾಕ್ಕಾದ ಗಡಿಯಾರಗಳಿವೆ. ‘ನಾನು ಇಂಥವನು, ಇಂಥ ಕಡೆ ಇದ್ದೇನೆ, ಈಗ ಗಂಟೆ ಇಷ್ಟು’ ಎಂದು ಅವು ಬಿಡುವಿಲ್ಲದೆ ಸಾರುತ್ತವೆ. ಬಾನುಲಿಯ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವಂಥದು. ಆದರೂ ನೆಲ ಮುಟ್ಟಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಪಾಲಿನಷ್ಟು ಕಾಲ ಬೇಕು. ಸಂಜ್ಞೆ ಎಷ್ಟು ತಡವಾಗಿ ಬಂತೆಂಬುದನ್ನು ಎಣಿಸಿದರೆ ಉಪಗ್ರಹ ಎಷ್ಟು ದೂರವಿದೆಯೆಂದು ಗೊತ್ತಾಯಿತು. ಮೂರು ಉಪಗ್ರಹಗಳ ದೂರ ತಿಳಿದರೆ ತಾನಿರುವ ಸ್ಥಳ ತಿಳಿಯುತ್ತದೆ. ನಾಲ್ಕನೆಯದೇಕೆ? ನಾಯಿಯ ಕೊರಳಲ್ಲಿರುವುದು ಅಗ್ಗದ ಗಡಿಯಾರ. ಅದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ಲೆಕ್ಕದಲ್ಲಿ 300 ಮೀಟರ್ ತಪ್ಪುತ್ತದೆ. ಆ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯದು ಬೇಕು.

ಮೊದಮೊದಲು ಅಮೆರಿಕದ ಸೈನ್ಯ ಸಾರ್ವಜನಿಕರಿಗೆ ದೊರೆಯುವ ಸಂಜ್ಞೆಯಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ಸ್ಥಳದ ಲೆಕ್ಕ ನೂರು ಮೀಟರಿನವರೆಗೂ ತಪ್ಪುತ್ತಿತ್ತು. 2000ದ ಮೇ 2ರಂದು ಈ ಬೆರಕೆಯನ್ನು ನಿಲ್ಲಿಸಿದರು. ಅಂದಿನಿಂದ ತಪ್ಪು ಹತ್ತು ಮೀಟರಿನ ಆಸುಪಾಸಿಗೆ, ಬಯಲಲ್ಲಿ ಅದಕ್ಕೂ ಕಡಮೆಗೆ, ಇಳಿಯಿತು. ಕಾಡಿನಲ್ಲಿ ನೂರು ಮೀಟರಿಗೂ ಹತ್ತು ಮೀಟರಿಗೂ ಇರುವ ವ್ಯತ್ಯಾಸವನ್ನು, ಪೊದೆಯೊಳಗೆ ಕಳೆದುಹೋದ ಕರುವನ್ನು ಹುಡುಕಿದವರೇ ಬಲ್ಲರು.

ಪಟ್ಟಿ ತನ್ನ ಸ್ಥಳವನ್ನು ತಾನು ಅರಿತರೆ ಸಾಲದು, ಒಡೆಯನಿಗೂ ಹೇಳಬೇಕು. ಅದಕ್ಕೆ ಎರಡು ದಾರಿ. ಒಂದು, ನೇರವಾಗಿ ಬಾನುಲಿ ಅಲೆಯ ಮೂಲಕ ಅವನ ಕೈಯಲ್ಲಿರುವ ಯಂತ್ರಕ್ಕೆ. ಇನ್ನೊಂದು, ಮೊಬೈಲ್ ದೂರವಾಣಿಯ ಜಾಲದ ಮೂಲಕ. ಮೊದಲನೆಯದಕ್ಕೆ ಗುಡ್ಡ ಅಡ್ಡ. ಎರಡನೆಯದಕ್ಕೆ ಹತ್ತಿರದಲ್ಲಿ ಗೋಪುರ ಬೇಕು. ಎರಡೂ ಒದಗಿದಾಗ ನಕ್ಷೆಯ ಮೇಲೆ ನಾಯಿ ಒಂದು ಚುಕ್ಕಿಯಾಗಿ ಓಡುತ್ತದೆ. ಕೆಲವು ಪಟ್ಟಿಗಳು ನಾಯಿ ನಿಮಿಷಕ್ಕೆ ಎಷ್ಟು ಸಲ ಬೊಗಳಿತೆಂಬುದನ್ನೂ ಎಣಿಸಿ ಹೇಳುತ್ತವೆ. ಚುಕ್ಕಿ ನಿಂತಿದೆ, ಬೊಗಳು ನಿಂತಿಲ್ಲ ಎಂದರೆ ನಾಯಿ ಮೂಸ್‌ಅನ್ನು ತಡೆದು ನಿಲ್ಲಿಸಿದೆ ಎಂದು ಅರ್ಥ.

ಈಗ ಒಂದು ಸಂಜೆಯನ್ನು ಊಹಿಸಿಕೊಳ್ಳಿ. ಅಕ್ಟೋಬರ್ ತಿಂಗಳು, ಬೇಗ ಕತ್ತಲಾಗುತ್ತಿದೆ. ಬೇಟೆಗಾರ ಮರದ ಬುಡದಲ್ಲಿ ಕುಳಿತು ಯಂತ್ರ ನೋಡುತ್ತಿದ್ದಾನೆ. ನಾಯಿ ಮೂರು ಕಿಲೋಮೀಟರ್ ಆಚೆ ನಿಂತು ಬೊಗಳುತ್ತಿತ್ತು. ಥಟ್ಟನೆ ಬೊಗಳು ಸೊನ್ನೆಗೆ ಇಳಿಯಿತು. ಚುಕ್ಕಿ ಕದಲುತ್ತಿಲ್ಲ. ಐದು ನಿಮಿಷ, ಹತ್ತು ನಿಮಿಷ. ಏನಾಗಿರಬಹುದು? ನಾಯಿ ದಣಿದು ಹಳ್ಳದಲ್ಲಿ ನೀರು ಕುಡಿಯುತ್ತಿರಬಹುದು. ಪಟ್ಟಿ ಮುಳ್ಳುಕಂಟಿಗೆ ಸಿಕ್ಕಿ ಕಳಚಿರಬಹುದು. ಸಂಜ್ಞೆ ತಪ್ಪಿಹೋಗಿ ಯಂತ್ರ ಹಳೆಯ ಸ್ಥಳವನ್ನೇ ತೋರಿಸುತ್ತಿರಬಹುದು. ಅಥವಾ ತೋಳ ಬಂದಿರಬಹುದು.

ಈ ಕೊನೆಯ ಮಾತು ಬರಿಯ ಹೆದರಿಕೆಯಲ್ಲ. ಸ್ವೀಡನ್ನಿನಲ್ಲಿ ತೋಳಕ್ಕೆ 1966ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಆ ವೇಳೆಗೆ ಅಲ್ಲಿ ತೋಳವೇ ಹೆಚ್ಚುಕಡಮೆ ಇಲ್ಲವಾಗಿತ್ತು. 1983ರಲ್ಲಿ ವೆರ್ಮ್‌ಲಂಡ್ ಪ್ರಾಂತದಲ್ಲಿ ಮತ್ತೆ ಮರಿಗಳು ಹುಟ್ಟಿದವು. ಈಗ ತೋಳಗಳು ಕೆಲವು ನೂರು ಇವೆ. ತನ್ನ ಸೀಮೆಯಲ್ಲಿ ನಿಂತು ಬೊಗಳುವ ನಾಯಿ ತೋಳದ ಕಣ್ಣಿಗೆ ಅತಿಕ್ರಮಣಕ್ಕೆ ಬಂದ ಇನ್ನೊಂದು ತೋಳವಿದ್ದಂತೆ. ಒಂಟಿಯಾಗಿ ದೂರ ಹೋಗಿ ಬೊಗಳುವುದೇ ಈ ನಾಯಿಯ ವಿದ್ಯೆ. ಆ ವಿದ್ಯೆಯೇ ಅದಕ್ಕೆ ಮುಳುವಾಗುತ್ತದೆ. ಪ್ರತಿವರ್ಷ ಕೆಲವು ಬೇಟೆನಾಯಿಗಳು ಹೀಗೆ ಸಾಯುತ್ತವೆ. ಸ್ವೀಡನ್ನಿನಲ್ಲೂ ನೆರೆಯ ಫಿನ್ಲೆಂಡಿನಲ್ಲೂ ತೋಳ ಬೇಕೋ ಬೇಡವೋ ಎಂಬ ವಾದದ ಕಾವಿನಲ್ಲಿ ಈ ನಾಯಿಗಳ ಸಾವಿಗೂ ಒಂದು ಪಾಲಿದೆ.

ಕೊರಳಪಟ್ಟಿ ತೋಳವನ್ನು ತಡೆಯಲಾರದು. ಅದು ‘ಎಲ್ಲಿ’ ಎಂಬುದನ್ನು ಹೇಳುತ್ತದೆ, ‘ಹೇಗಿದೆ’ ಎಂಬುದನ್ನು ಹೇಳದು. ಅದಕ್ಕೆ ಮನುಷ್ಯನೇ ಎದ್ದು ಹೋಗಬೇಕು. ನನ್ನ ಮಾತಿನ ಸಾರವೆಲ್ಲ ಇಲ್ಲಿದೆ. ಹಿಂದೆ ಬೇಟೆಗಾರ ಪ್ರಾಮಾಣಿಕವಾಗಿ ಹೇಳಬಹುದಿತ್ತು: ‘ನಾಯಿ ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ.’ ಈಗ ಆ ಮಾತಿಗೆ ಎಡೆಯಿಲ್ಲ. ಗೊತ್ತಿದೆ. ಗೊತ್ತಿದ್ದ ಮೇಲೆ ಕತ್ತಲಾದರೂ ಮಳೆಯಾದರೂ ಹೋಗದೆ ಗತ್ಯಂತರವಿಲ್ಲ. ಇಂದು ಬೆಳಗ್ಗೆ ಈ ಪ್ರದೇಶದಲ್ಲಿ ತೋಳದ ಹೊಸ ಹೆಜ್ಜೆ ಕಂಡಿದ್ದರೆ, ಹಗ್ಗ ಬಿಚ್ಚಬೇಕೋ ಬೇಡವೋ ಎಂಬ ತೀರ್ಮಾನವೂ ಅವನದೇ. ಪಟ್ಟಿಯಿದೆಯಲ್ಲ ಎಂಬ ಧೈರ್ಯದಿಂದ ಬಿಟ್ಟರೆ, ಆ ಧೈರ್ಯಕ್ಕೆ ಬೆಲೆ ತೆರುವುದು ನಾಯಿ.

ಹೊಣೆ ನಾಯಿಯ ವಿಷಯದಲ್ಲಿ ಮಾತ್ರವಲ್ಲ, ನೆರೆಯವನ ವಿಷಯದಲ್ಲೂ ಉಂಟು. ಸ್ವೀಡನ್ನಿನಲ್ಲಿ ಬೇಟೆಯ ಹಕ್ಕು ನೆಲದ ಒಡೆಯನದು. ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ ಹಿಂಡುನಾಯಿ ಬಿಟ್ಟು ಜಿಂಕೆ ಅಟ್ಟುವ ಹಳೆಯ ಪದ್ಧತಿ ಇದೆ; ಗಡಿಯ ತಕರಾರು ಅಲ್ಲಿ ಇನ್ನೂ ಬಿಸಿ. ಬೇರೆ ಕಡೆ ಶುರುವಾದ ಓಟದಲ್ಲಿ ನಾಯಿ ಇನ್ನೊಬ್ಬರ ಜಮೀನಿಗೆ ನುಗ್ಗಿದರೆ ಅದನ್ನು ಕರೆತರಲು ಒಡೆಯ ಒಳಗೆ ಹೋಗಬಹುದು, ಆದರೆ ಬಂದೂಕು ಒಯ್ಯಕೂಡದು ಎಂದು ಅಲ್ಲಿನ ಕಾನೂನು. ‘ನಾಯಿಗೆ ಬೇಲಿ ತಿಳಿಯುತ್ತದೆಯೇ?’ ಎಂದು ಬೇಟೆಗಾರ ಕೇಳುತ್ತಾನೆ. ‘ನಾಯಿಗೆ ತಿಳಿಯದು ಸರಿ, ನಿನ್ನ ಕೈಯಲ್ಲಿ ನಕ್ಷೆ ಇಲ್ಲವೇ?’ ಎಂದು ಜಮೀನುದಾರ ತಿರುಗಿ ಕೇಳಬಹುದು. ಎರಡನೆಯ ಪ್ರಶ್ನೆ ಈ ಪಟ್ಟಿ ಬಂದ ಮೇಲೆ ಹುಟ್ಟಿದ್ದು, ನ್ಯಾಯವಾದದ್ದೇ. ಅಮೆರಿಕದ ಕೆಲವು ಪಟ್ಟಿಗಳಲ್ಲಿ ದೂರದಿಂದಲೇ ವಿದ್ಯುತ್ತಿನ ಪೆಟ್ಟು ಕೊಟ್ಟು ನಾಯಿಯನ್ನು ತಡೆಯುವ ಏರ್ಪಾಡೂ ಉಂಟು. ಸ್ವೀಡನ್ನಿನಲ್ಲಿ ಅದಕ್ಕೆ ನಿಷೇಧ. ಕರೆದರೆ ಬರುವಂತೆ ಮೊದಲೇ ಕಲಿಸದವನಿಗೆ ಯಂತ್ರ ಎಷ್ಟು ತಾನೆ ನೆರವಾದೀತು?

ಇನ್ನು ನಮ್ಮ ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಕಾಡುಬೇಟೆ ಅಪರಾಧ. ಒಂದು ಕಾಲಕ್ಕೆ ಬೇಟೆಗೆ ಹೆಸರಾದ ಮುಧೋಳ ನಾಯಿ ಈಗ ಮನೆ ಹೊಲ ಕಾಯುತ್ತದೆ. 2005ರಲ್ಲಿ ಅಂಚೆಚೀಟಿಯ ಮೇಲೂ ಕಾಣಿಸಿಕೊಂಡಿತು. ಆದರೆ ಕೊರಳಪಟ್ಟಿ ನಮ್ಮ ಕಾಡಿಗೂ ಬಂದಿದೆ. 1990ರಲ್ಲಿ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಹುಲಿಗೆ ಬಾನುಲಿ ಪಟ್ಟಿ ತೊಡಿಸಿ ಅದರ ಓಡಾಟವನ್ನು ಅಭ್ಯಾಸ ಮಾಡಿದರು. ಈಚೆಗೆ ಹಾಸನದ ಕಡೆ ಅರಣ್ಯ ಇಲಾಖೆಯವರು ಆನೆಗಳಿಗೆ ಪಟ್ಟಿ ಹಾಕಿದ್ದಾರೆ; ಹಿಂಡು ತೋಟದ ಹತ್ತಿರ ಬಂದಾಗ ಜನರನ್ನು ಎಚ್ಚರಿಸಲು ಅದರಿಂದ ಅನುಕೂಲ. ಅಲ್ಲಿ ಪಟ್ಟಿ ಬೇಟೆಯಾಡುವ ನಾಯಿಯ ಕೊರಳಲ್ಲಿದ್ದರೆ, ಇಲ್ಲಿ ಹಿಂದೊಮ್ಮೆ ಬೇಟೆಗೆ ಬೀಳುತ್ತಿದ್ದ ಪ್ರಾಣಿಯ ಕೊರಳಲ್ಲೇ ಇದೆ.

ಆದರೂ ಹೊಣೆ ಒಂದೇ. ಆನೆ ಬೆಳಗಿನ ಜಾವ ಕಾಫಿ ತೋಟದ ಪಕ್ಕದಲ್ಲಿದೆಯೆಂದು ಚುಕ್ಕಿ ತೋರಿಸಿತು ಎನ್ನೋಣ. ಆ ಸುದ್ದಿ ಕೆಲಸಕ್ಕೆ ಹೊರಟ ಆಳುಗಳ ಕಿವಿಗೆ ಸಕಾಲದಲ್ಲಿ ಬೀಳದಿದ್ದರೆ, ಚುಕ್ಕಿ ಇದ್ದೂ ಇಲ್ಲದಂತೆ. ಗುಡ್ಡದ ತಲೆಯಲ್ಲಿ ನಿಂತು ಗಂಟೆಯ ಸದ್ದಿಗೆ ಕಿವಿಗೊಡುತ್ತಿದ್ದ ನಮ್ಮ ಹಿರಿಯರು, ಸದ್ದು ಕೇಳಿಸಿದ ಮೇಲೆ ಅಲ್ಲೇ ನಿಂತಿರುತ್ತಿರಲಿಲ್ಲ. ಲಾಟೀನು ಹಿಡಿದು ಇಳಿದು ಹೋಗುತ್ತಿದ್ದರು. ಗಂಟೆ ಹೊಸದಾಗಿದೆ. ಇಳಿದು ಹೋಗುವ ಕೆಲಸ ಹಳೆಯದೇ.