ಎಳೆಯ ಮಗುವಿನ ನಿದ್ದೆ: ತಂದೆಯ ಪಾಲೆಷ್ಟು?

(ಗುಂಜಹಳ್ಳಿಯಲ್ಲಿ ಮಾಡಿದ ಜುಮಾ ಪ್ರವಚನದ ಸಂಗ್ರಹ)



ಮಗ್ರಿಬ್ ನಮಾಝ್ ಮುಗಿಸಿ ಹೊರಬರುವಾಗ ಮಸೀದಿಯ ಮೆಟ್ಟಿಲ ಬಳಿ ಮಗುವನ್ನು ಎತ್ತಿಕೊಂಡ ತಾಯಂದಿರು ನಿಂತಿರುವುದನ್ನು ನೀವು ನೋಡಿದ್ದೀರಿ. ನಮ್ಮವರೂ ಇರುತ್ತಾರೆ, ಊರಿನ ಇತರ ಸಮುದಾಯಗಳ ಹೆಣ್ಣುಮಕ್ಕಳೂ ಇರುತ್ತಾರೆ. "ಹಜರತ್, ರಾತ್ರಿ ಮಲಗಂಗಿಲ್ಲರಿ, ಬರೇ ಅಳ್ತದ. ನಜರ್ ಆಗ್ಯದೇನೋ, ಊದ್ರಿ" ಎನ್ನುತ್ತಾರೆ. ನಾನು ಓದಿ ಊದುತ್ತೇನೆ. ಪ್ರವಾದಿ(ಸ)ರು ಮೊಮ್ಮಕ್ಕಳಾದ ಹಸನ್ ಮತ್ತು ಹುಸೈನ್(ರ)ರಿಗಾಗಿ ಅಲ್ಲಾಹನ ರಕ್ಷಣೆ ಬೇಡುತ್ತಿದ್ದರೆಂದು ಬುಖಾರಿಯಲ್ಲಿದೆ. ಅದು ಸುನ್ನತ್. ಆದರೆ ಊದಿದ ಬಳಿಕ ಎರಡು ಪ್ರಶ್ನೆ ಕೇಳುತ್ತೇನೆ: ಮಗು ದಿನಾ ಎಷ್ಟು ಗಂಟೆಗೆ ಮಲಗುತ್ತದೆ? ಮಲಗುವ ಮುನ್ನ ಅದರ ಕೈಯಲ್ಲಿ ಏನಿರುತ್ತದೆ? ಮೊದಲನೆಯದಕ್ಕೆ "ಟೈಮ್ ಅಂತ ಇಲ್ಲರಿ" ಎಂಬ ಉತ್ತರ ಬರುತ್ತದೆ. ಎರಡನೆಯದಕ್ಕೆ "ಮೊಬೈಲ್" ಎಂದು.

ಇದು ಮನೆಯ ಹೆಣ್ಣುಮಕ್ಕಳ ವಿಷಯ, ಮಿಂಬರ್‌ನಿಂದ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಒಂದೂವರೆ-ಎರಡು ವರ್ಷದ ಮಗು ಮಲಗದಿದ್ದರೆ ಬೈಗುಳ ತಾಯಿಗೆ. ಅತ್ತೆ ಅನ್ನುತ್ತಾಳೆ, ಗಂಡ ಅನ್ನುತ್ತಾನೆ. ಅವಳೋ ಹಗಲೆಲ್ಲ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ಹೊತ್ತು ಮುಳುಗಿದ ಮೇಲೆ ಮನೆಗೆ ಬಂದು ರೊಟ್ಟಿ ಬಡಿದವಳು. ಇನ್ನು ಮಗುವಿನ ಹೊತ್ತನ್ನು ಕೆಡಿಸುವವರು ಬಹಳ ಮನೆಗಳಲ್ಲಿ ನಾವು, ಇಲ್ಲಿ ಸಫ್ ಕಟ್ಟಿ ಕುಳಿತಿರುವ ಗಂಡಸರು. ಹಾಗಾಗಿ ಈ ಮಾತು ಇಲ್ಲಿಯೇ ಆಗಬೇಕು.

ನಿದ್ದೆಯನ್ನು ವಿಶ್ರಾಂತಿಗಾಗಿ, ರಾತ್ರಿಯನ್ನು ಹೊದಿಕೆಯಾಗಿ ಮಾಡಿರುವುದಾಗಿ ಅಲ್ಲಾಹನು ಸೂರಃ ಅನ್ನಬಅ್‌ನಲ್ಲಿ ಹೇಳಿದ್ದಾನೆ. ಮಗುವಿಗೆ ಈ ವಿಶ್ರಾಂತಿ ನಮಗಿಂತ ಹೆಚ್ಚು ಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ 11ರಿಂದ 14 ತಾಸು ನಿದ್ದೆ ಬೇಕು. ಮೂರು-ನಾಲ್ಕು ವರ್ಷದವರಿಗೆ 10ರಿಂದ 13 ತಾಸು. ನಮ್ಮ ಮನೆಗಳ ಲೆಕ್ಕ ಹಾಕಿ ನೋಡಿ. ಎರಡು ವರ್ಷದ ಕೂಸು ರಾತ್ರಿ 11ಕ್ಕೆ ಮಲಗಿ ಬೆಳಿಗ್ಗೆ ಏಳಕ್ಕೆ ಎದ್ದರೆ ಎಂಟು ತಾಸು. ಮಧ್ಯಾಹ್ನ ಒಂದೂವರೆ ತಾಸು ಸೇರಿಸಿದರೆ ಒಂಬತ್ತೂವರೆ. ಪ್ರತಿದಿನ ಕನಿಷ್ಠ ಒಂದೂವರೆ ತಾಸು ಸಾಲ. ಈ ಸಾಲ ಹೊತ್ತ ಮಗು ನಮ್ಮ ಹಾಗೆ ತೂಕಡಿಸುವುದಿಲ್ಲ. ಅದಕ್ಕೆ ಹಟ ಹೆಚ್ಚುತ್ತದೆ, ಕುಣಿದಾಡುತ್ತದೆ, ಸಣ್ಣದಕ್ಕೆಲ್ಲ ಅಳುತ್ತದೆ. ನಾವು "ಇದಕ್ಕೆ ನಿದ್ದೆಯೇ ಬಂದಿಲ್ಲ" ಎಂದುಕೊಂಡು ಇನ್ನಷ್ಟು ಆಡಿಸುತ್ತೇವೆ.

ಒಂದು ನಿಶ್ಚಿತ ಕ್ರಮ ಇದ್ದರೆ ಏನಾಗುತ್ತದೆ? ಅಮೆರಿಕದಲ್ಲಿ ಜೋಡಿ ಮಿಂಡೆಲ್ ಮತ್ತು ಸಂಗಡಿಗರು 405 ತಾಯಂದಿರನ್ನು ಸೇರಿಸಿ ನಡೆಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಮಕ್ಕಳು ಏಳು ತಿಂಗಳಿನಿಂದ ಮೂರು ವರ್ಷದೊಳಗಿನವರು. ತಾಯಂದಿರು ಮಾಡಿದ್ದು ದೊಡ್ಡದೇನಲ್ಲ: ದಿನಾ ರಾತ್ರಿ ಸ್ನಾನ, ಆಮೇಲೆ ಮೈ ನೀವುವುದು, ಆಮೇಲೆ ತಣ್ಣನೆಯ ಮಾತು ಅಥವಾ ಜೋಗುಳ, ಸ್ನಾನವಾದ ಅರ್ಧ ತಾಸಿನೊಳಗೆ ದೀಪ ಆರಿಸುವುದು. ಎರಡು ವಾರದಲ್ಲಿ ಮಕ್ಕಳು ಬೇಗ ನಿದ್ದೆಹೋಗತೊಡಗಿದರು, ನಡುರಾತ್ರಿ ಏಳುವುದು ಕಡಿಮೆಯಾಯಿತು. ತಾಯಂದಿರ ಮನಸ್ಸೂ ಹಗುರಾಯಿತು. ನನಗೆ ಮುಖ್ಯವೆನಿಸಿದ್ದು ಆ ಕೊನೆಯ ಮಾತು.

ನಮಗೆ ಇದು ಕಷ್ಟವಲ್ಲ, ಏಕೆಂದರೆ ನಮ್ಮ ದಿನ ಮೊದಲೇ ಐದು ಹೊತ್ತಿನ ಗೂಟಕ್ಕೆ ಕಟ್ಟಿದ ದಿನ. ಗೋಡೆ ಗಡಿಯಾರ ಬೇಕಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಮಗ್ರಿಬ್ ಆರೂಮುಕ್ಕಾಲರ ಆಸುಪಾಸು, ಇಶಾ ಎಂಟರ ಸುಮಾರು. ಮುಸ್ಸಂಜೆ ಕವಿಯುವಾಗ ಮಕ್ಕಳನ್ನು ಒಳಗಿಟ್ಟುಕೊಳ್ಳಿರಿ, ಮಲಗುವಾಗ ಬಾಗಿಲು ಹಾಕಿ, ಪಾತ್ರೆ ಮುಚ್ಚಿ, ದೀಪ ಆರಿಸಿರಿ ಎಂದು ಪ್ರವಾದಿ(ಸ)ರು ಕಲಿಸಿದ್ದನ್ನು ಜಾಬಿರ್(ರ) ವರದಿ ಮಾಡಿದ್ದಾರೆ. ಮಗ್ರಿಬ್ ಅದಾನ್ ಆದಾಗ ಮಗು ಒಳಗೆ. ಹಾಲಿನಲ್ಲಿ ನೆನೆಸಿದ ರೊಟ್ಟಿಯೋ ಅನ್ನ-ಸಾರೋ ಉಣಿಸಿ. ಕೈಕಾಲು, ಮುಖ ತೊಳೆಸಿ. ಹಲ್ಲು ಬಂದಿದ್ದರೆ ಉಜ್ಜಿಸಿ, ಅದಾದ ಮೇಲೆ ಹಾಲಿನ ಬಾಟಲಿ ಬಾಯಿಗಿಟ್ಟು ಮಲಗಿಸಬೇಡಿ, ಹಲ್ಲು ಹುಳುಕಾಗುತ್ತವೆ. ಬಟ್ಟೆ ಬದಲಿಸಿ, ಹಾಸಿಗೆ ಕೊಡವಿ. ಹಾಸಿಗೆ ಕೊಡವುವುದೂ ಸುನ್ನತ್ತೇ, ಮಗು ಕೈ ಜೋಡಿಸಲಿ. ಅದಕ್ಕೆ ಅದೊಂದು ಆಟ. ಟ್ಯೂಬ್‌ಲೈಟ್ ಆರಿಸಿ. ನಂತರ ಮೂರು ಕುಲ್ ಓದಿ ಅಂಗೈಗೆ ಊದಿಕೊಂಡು ಮೈಮೇಲೆ ಸವರಿ, ಮಲಗುವ ದುಆ ಮೆಲ್ಲಗೆ ಹೇಳಿಕೊಡಿ, ಜೋಗುಳ ಹಾಡಿ. ದಿನಾ ಇದೇ ಸಾಲು, ಇದೇ ಹಿಂದುಮುಂದು. ಮೂರು ಕುಲ್ ಶುರುವಾದೊಡನೆ ಇನ್ನು ಮುಂದಿನದು ನಿದ್ದೆ ಎಂದು ಮಾತು ಬಾರದ ಮಗುವಿಗೂ ತಿಳಿಯುತ್ತದೆ. ಚಿಕ್ಕದಾದರೂ ನಿರಂತರ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂಬ ಹದೀಸ್ ನಮಗೆಲ್ಲ ಬಾಯಿಪಾಠ. ಅದು ಇಲ್ಲಿಯೂ ಅನ್ವಯಿಸುತ್ತದೆ.

ಕೆಲವರು ಕೇಳುತ್ತಾರೆ: ಇಶಾಕ್ಕೆ ಮೊದಲು ಮಲಗುವುದನ್ನು ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲವಲ್ಲ, ಮಗುವನ್ನು ಹೇಗೆ ಮಲಗಿಸುವುದು? ಅದು ನಮಾಝ್ ಕಡ್ಡಾಯವಾದವರಿಗೆ, ನಮಾಝ್ ತಪ್ಪಿಹೋಗದಿರಲಿ ಎಂದು. ಮಗುವಿಗೆ ಆ ಹೊಣೆ ಇಲ್ಲ. ಅದೇ ಹದೀಸಿನ ಇನ್ನರ್ಧವನ್ನು ಮಾತ್ರ ನಾವು ಮರೆಯುತ್ತೇವೆ. ಇಶಾದ ನಂತರ ಹರಟೆ ಹೊಡೆಯುವುದನ್ನೂ ಅವರು ಇಷ್ಟಪಡುತ್ತಿರಲಿಲ್ಲ. ಕಟ್ಟೆಯ ಮೇಲೆ ಹತ್ತೂವರೆಯವರೆಗೆ ಕೂರುವವರು ಯಾರು, ನಾನು ಹೆಸರು ಹೇಳುವುದಿಲ್ಲ.

ಹತ್ತೂವರೆಗೆ ಮನೆಗೆ ಬಂದು ಮಲಗಿದ ಮಗುವನ್ನು ಎಬ್ಬಿಸಿ ಮುದ್ದು ಮಾಡುತ್ತೀರಿ. ಹತ್ತು ನಿಮಿಷ ಆಡಿಸಿ ಮೊಬೈಲ್ ಕೊಟ್ಟು ನೀವು ಮಲಗುತ್ತೀರಿ. ಆಮೇಲೆ ಒಂದು ಗಂಟೆಯವರೆಗೆ ಎಚ್ಚರವಿರುವವಳು ತಾಯಿ. ಪ್ರೀತಿ ತಪ್ಪಲ್ಲ, ಹೊತ್ತು ತಪ್ಪು. ಮೊಮ್ಮಗಳು ಉಮಾಮಾರನ್ನು ನಮಾಝ್‌ನಲ್ಲೂ ಎತ್ತಿಕೊಂಡ ಪ್ರವಾದಿ(ಸ)ರ ಉಮ್ಮತ್ ನಾವು, ಮುದ್ದು ಮಾಡಬೇಡಿ ಎಂದು ಯಾರು ಹೇಳುತ್ತಾರೆ? ಫಜ್ರ್ ನಂತರ ಮಾಡಿ. ಇಲ್ಲವೇ ಮಗ್ರಿಬ್‌ಗೆ ಮನೆ ಸೇರಿ ಆ ಅರ್ಧ ತಾಸನ್ನು ನೀವೇ ವಹಿಸಿಕೊಳ್ಳಿ. ಗಂಡಸು ಮಗುವಿನ ಕಾಲು ತೊಳೆದರೆ ಮರ್ಯಾದೆ ಹೋಗುವುದಿಲ್ಲ. ಕೊಲ್ಲಿಯಲ್ಲಿ ದುಡಿಯುವ ಸಹೋದರರ ಮನೆಯವರಿಗೂ ಒಂದು ಮಾತು: ಅಲ್ಲಿ ಎಂಟಾದಾಗ ಸೌದಿಯ ಲೆಕ್ಕದಲ್ಲಿ ಇಲ್ಲಿ ಹತ್ತೂವರೆ. ಆ ಹೊತ್ತಿಗೆ ವಿಡಿಯೊ ಕಾಲ್ ಬಂದರೆ ಮಗುವಿನ ನಿದ್ದೆ ಮುಗಿಯಿತು. ಅಲ್ಲಿ ಬೆಳಿಗ್ಗೆ ಐದೂವರೆಯಾದಾಗ ಇಲ್ಲಿ ಎಂಟು. ಆಗ ಮಾತಾಡಲು ಹೇಳಿ. ಮಗುವೂ ನಗುತ್ತಾ ಮುಖ ತೋರಿಸುತ್ತದೆ.

ಮೊಬೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೇ ಬೇಡವೆಂದು ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಕಣ್ಣಿಗೆ ಬೀಳುವ ಬೆಳಕು ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನನ್ನು ತಡೆಯುತ್ತದೆ. ಹಾಡೇ ಬೇಕಿದ್ದರೆ ದಾದಿ, ನಾನಿಯರ ಗಂಟಲಿದೆ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೂಫಿಗಳು ದಖನಿಯಲ್ಲಿ ಬೀಸುವ ಹೆಂಗಸರಿಗಾಗಿ ಚಕ್ಕೀನಾಮಾ, ತೊಟ್ಟಿಲು ತೂಗುವವರಿಗಾಗಿ ಲೋರಿನಾಮಾ ಬರೆದರು. ದೀನಿನ ಮಾತು ನಮ್ಮ ಮನೆಯೊಳಗೆ ಬಂದ ದಾರಿಗಳಲ್ಲಿ ಆ ಜೋಗುಳವೂ ಒಂದು. ಮನೆಯ ಮುದುಕಿಯರಿಗೆ ಯಾವ ಲೋರಿ ನೆನಪಿದೆ ಎಂದು ಕೇಳಿ ನೋಡಿ. ಕನ್ನಡದ್ದಾದರೂ ದಖನಿಯದ್ದಾದರೂ ಸರಿ.

ಮೊದಲ ಮೂರು-ನಾಲ್ಕು ರಾತ್ರಿ ಮಗು ಒಪ್ಪುವುದಿಲ್ಲ. ಎದ್ದು ಓಡುತ್ತದೆ, ಅಳುತ್ತದೆ. ಸಿಟ್ಟಾಗದೆ ಮತ್ತೆ ಕರೆತಂದು ಮಲಗಿಸಿ, ಪಕ್ಕದಲ್ಲಿ ಕುಳಿತಿರಿ. ಒಂಟಿಯಾಗಿ ಅಳಲು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮಗುವಿನ ಅಳು ಕೇಳಿ, ತಾಯಿಗೆ ಕಷ್ಟವಾಗದಿರಲೆಂದು ಪ್ರವಾದಿ(ಸ)ರು ನಮಾಝನ್ನೇ ಚುಟುಕುಗೊಳಿಸುತ್ತಿದ್ದರು. ಗುಮ್ಮ ಬಂತು, ಭೂತ ಬಂತು ಎಂದು ಹೆದರಿಸಬೇಡಿ. ಹೆದರಿದ ಮಗು ಕಣ್ಣು ಮುಚ್ಚುತ್ತದೆ, ನಿದ್ದೆ ಮಾಡುವುದಿಲ್ಲ. ಏಪ್ರಿಲ್-ಮೇನಲ್ಲಿ ನಾವೆಲ್ಲ ಮಾಳಿಗೆ ಹತ್ತುತ್ತೇವೆ, ಕರೆಂಟ್ ಕೈಕೊಡುತ್ತದೆ. ಜಾಗ ಬದಲಾಗಲಿ, ಸಾಲು ಬದಲಾಗದಿರಲಿ. ಅದೇ ಹೊದಿಕೆಯನ್ನು ಮೇಲಕ್ಕೆ ಒಯ್ಯಿರಿ.

ಇನ್ನೊಂದು ಸಂಗತಿ ಹೇಳಲೇಬೇಕು. ಮಗು ಮಲಗಲಿ ಎಂದು ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಒಂದು ಮುಚ್ಚಳ ಕುಡಿಸುವ ರೂಢಿ ಇದೆ. ಖಂಡಿತ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಎರಡು ವರ್ಷದೊಳಗಿನವರಿಗೆ ಕೆಮ್ಮು-ಶೀತದ ಔಷಧಿ ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆ ಆಗ ಸೂಚಿಸಿತು. ಕ್ರಮ ಪಾಲಿಸಿದರೂ ಮಗು ರಾತ್ರಿ ಕಿವಿ ಹಿಡಿದುಕೊಂಡು ಚೀರಿದರೆ, ಹಿಂಭಾಗ ಕೆರೆದುಕೊಂಡರೆ, ಗೊರಕೆಯ ನಡುವೆ ಉಸಿರು ತಡೆದಂತಾದರೆ ನನ್ನ ಬಳಿಗೆ ತರುವ ಮೊದಲು ಡಾಕ್ಟರ ಬಳಿ ಒಯ್ಯಿರಿ. ಕಿವಿ ನೋವು, ಜಂತುಹುಳು, ಇವಕ್ಕೆ ಔಷಧಿ ಇದೆ. ಊದುವುದು ಆಮೇಲೂ ಆಗುತ್ತದೆ.

ಇಶಾ ನಂತರ ನಡೆಯುತ್ತಿದ್ದ ನಮ್ಮ ವಾರದ ಬಯಾನ್ ಕೂಡ ಒಂಬತ್ತೂವರೆವರೆಗೆ ಎಳೆಯುತ್ತಿತ್ತು. ಕಮಿಟಿಯ ಹಿರಿಯರು ಒಪ್ಪಿದ್ದಾರೆ. ಬರುವ ವಾರದಿಂದ ಅದು ರವಿವಾರ ಅಸ್ರ್ ನಂತರ ನಡೆಯುತ್ತದೆ, ಮಗ್ರಿಬ್‌ಗೆ ಮೊದಲೇ ಮುಗಿಯುತ್ತದೆ.