ಹಾಲುವಾಣದ ಬಂದರು, ಮೆಣಸಿನ ಹಡಗು



ಚೀನಾದ ಆಗ್ನೇಯ ಕರಾವಳಿಯಲ್ಲಿ, ಫೂಜಿಯಾನ್ ಪ್ರಾಂತ್ಯದಲ್ಲಿ ಚುವಾನ್‌ಜೌ ಎಂಬ ಬಂದರು ನಗರವಿದೆ. ಈ ಹೆಸರು ಕನ್ನಡಿಗರಿಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ಏಳು ಶತಮಾನಗಳ ಹಿಂದೆ ನಮ್ಮ ಕರಾವಳಿಗೆ ಬಂದು ಹೋಗುತ್ತಿದ್ದ ಅರಬ್ ವರ್ತಕರ ಬಾಯಲ್ಲಿ ಅದಕ್ಕೆ 'ಜೈತೂನ್' ಎಂಬ ಹೆಸರಿತ್ತು. ಈ ಹೆಸರಿನ ಮೂಲ ಒಂದು ಮರ. ಹತ್ತನೆಯ ಶತಮಾನದಲ್ಲಿ ಆ ನಗರದ ಸುತ್ತ ಕೆಂಪು ಹೂ ಬಿಡುವ ಮರಗಳನ್ನು ನೆಡಲಾಯಿತು. ಚೀನೀಯರು ಅದನ್ನು 'ತ್ಸಿತೊಂಗ್' ಎನ್ನುತ್ತಾರೆ. ನಮ್ಮಲ್ಲಿ ಅದೇ ಹಾಲುವಾಣ. ಮಲೆನಾಡಿನ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ನೆಡುವ ಮರ. ಮೆಣಸಿನ ವ್ಯಾಪಾರದಿಂದ ಬೆಳೆದ ಊರಿಗೆ ಮೆಣಸಿನ ಬಳ್ಳಿಗೆ ಆಸರೆಯಾಗುವ ಮರದ ಹೆಸರೇ ಬಂದದ್ದು ಆಕಸ್ಮಿಕ, ಆದರೆ ಮರೆಯಲಾಗದ ಆಕಸ್ಮಿಕ.

ಈ ನಗರದಲ್ಲಿ 1959ರಲ್ಲಿ ಸ್ಥಾಪನೆಯಾದ ಸಾಗರ ಇತಿಹಾಸದ ವಸ್ತುಸಂಗ್ರಹಾಲಯವಿದೆ. ಅದಕ್ಕೆ ಭೇಟಿ ನೀಡುವವರು ಎರಡು ಬಗೆಯ ವಸ್ತುಗಳನ್ನು ನೋಡಲೇಬೇಕು. ಒಂದು ಮರದ್ದು, ಇನ್ನೊಂದು ಕಲ್ಲಿನದು. ಮರದ್ದು ಹಡಗು. ಕಲ್ಲಿನವು ಗೋರಿಗಳು ಮತ್ತು ಗುಡಿಗಳ ಚೂರುಗಳು.

ಮೊದಲು ಹಡಗಿನ ವಿಚಾರ. ಅದನ್ನು ಇಟ್ಟಿರುವುದು ಕೈಯುವಾನ್ ಎಂಬ ಪುರಾತನ ಬೌದ್ಧ ದೇವಾಲಯದ ಆವರಣದಲ್ಲಿ. ನಗರಕ್ಕೆ ಹತ್ತಿರದ ಹೌಜು ಬಂದರಿನ ಕೆಸರಿನಲ್ಲಿ ಹೂತುಹೋಗಿದ್ದ ಇದನ್ನು 1974ರಲ್ಲಿ ಅಗೆದು ತೆಗೆಯಲಾಯಿತು. ಮೇಲಿನ ಭಾಗವೆಲ್ಲ ನಾಶವಾಗಿದೆ. ಉಳಿದಿರುವುದು ಅಡಿಯ ಒಡಲು ಮಾತ್ರ. ಆದರೂ ಅದರ ಉದ್ದ 24.2 ಮೀಟರ್, ಅಗಲ 9.15 ಮೀಟರ್. ಒಳಗೆ ಸಿಕ್ಕ ನಾಣ್ಯಗಳಲ್ಲಿ ತೀರ ಈಚಿನದು ಕ್ರಿ.ಶ. 1271ರದು. ಹಾಗಾಗಿ ಅದಾದ ಕೆಲವೇ ವರ್ಷಗಳಲ್ಲಿ, ಸೊಂಗ್ ವಂಶ ಅಳಿದು ಮಂಗೋಲರ ಆಳ್ವಿಕೆ ಬರುತ್ತಿದ್ದ ಗೊಂದಲದ ಕಾಲದಲ್ಲಿ, ಹಡಗು ಮುಳುಗಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಹಡಗಿನ ಒಡಲಿಗೆ ಹನ್ನೆರಡು ಅಡ್ಡಗೋಡೆಗಳು, ಹದಿಮೂರು ಕೋಣೆಗಳು. ಇದರ ಉಪಯೋಗ ಸುಲಭವಾಗಿ ತಿಳಿಯುವಂಥದ್ದು. ಬಂಡೆ ತಗುಲಿ ಒಂದು ಕೋಣೆಗೆ ನೀರು ನುಗ್ಗಿದರೂ ಉಳಿದ ಕೋಣೆಗಳು ಒಣಗಿಯೇ ಇರುತ್ತವೆ, ಹಡಗು ತೇಲುತ್ತದೆ. ಹಲಗೆಗಳನ್ನು ಎರಡು ಮೂರು ಪದರಗಳಲ್ಲಿ ಕೂಡಿಸಿ, ಕಬ್ಬಿಣದ ಮೊಳೆ ಹೊಡೆದು, ಸಂದುಗಳಿಗೆ ನಾರು, ಸುಣ್ಣ, ಎಣ್ಣೆಗಳ ಮಿಶ್ರಣ ಮೆತ್ತಲಾಗಿದೆ. ಇದೇ ಕಾಲದಲ್ಲಿ ಅರಬ್ಬಿ ಸಮುದ್ರದಲ್ಲಿ ಓಡಾಡುತ್ತಿದ್ದ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು ಎಂಬುದನ್ನು ನೆನೆದರೆ ಎರಡು ಪರಂಪರೆಗಳ ವ್ಯತ್ಯಾಸ ತಿಳಿಯುತ್ತದೆ.

ಹಡಗಿನ ತಳದ ದಿಮ್ಮಿಯನ್ನು ಜೋಡಿಸಿದ ಕಡೆ ಏಳು ಸಣ್ಣ ಕುಳಿಗಳಿವೆ. ಅವುಗಳ ಜೋಡಣೆ ಆಕಾಶದ ಸಪ್ತರ್ಷಿ ಮಂಡಲದ ಹಾಗೆ. ಅವುಗಳಲ್ಲಿ ನಾಣ್ಯ ಇಟ್ಟಿದ್ದರು. ಪಕ್ಕದ ದೊಡ್ಡ ಕುಳಿಯಲ್ಲಿ ಚಂದ್ರನ ಗುರುತಾಗಿ ಒಂದು ಕಂಚಿನ ಕನ್ನಡಿ. ಹಡಗು ಕಟ್ಟಿ ಮುಗಿದ ಮೇಲೆ ಇದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಕಡಲಿಗೆ ಹೋದವರು ಮನೆಗೆ ಮರಳಲಿ ಎಂದು ಬಡಗಿಗಳು ಬಚ್ಚಿಟ್ಟ ಹರಕೆ ಅದು.

ಸರಕು ಏನಿತ್ತು? ಸುಮಾರು 2,300 ಕಿಲೋ ಸುಗಂಧದ ಮರ, ಕರಿಮೆಣಸು, ಅಡಿಕೆ, ಧೂಪದ ಅಂಟು, ಅಂಬರು, ಪಾದರಸ, ಆಮೆಯ ಚಿಪ್ಪು, ಸಾವಿರಗಟ್ಟಲೆ ಕವಡೆ. ಇವುಗಳ ಜೊತೆಗೆ 96 ಮರದ ಚೀಟಿಗಳು. ಯಾವ ಮೂಟೆ ಯಾರದೆಂದು ಗುರುತಿಸಲು ಅವುಗಳ ಮೇಲೆ ಹೆಸರು ಬರೆದಿದ್ದರು. ನಾವಿಕರು ಹೊತ್ತು ಕಳೆಯಲು ಇಟ್ಟುಕೊಂಡಿದ್ದ ಚೀನೀ ಚದುರಂಗದ ಕಾಯಿಗಳೂ ಸಿಕ್ಕಿವೆ. ಈ ಹಡಗು ಆಗ್ನೇಯ ಏಷ್ಯಾದಿಂದ ಹಿಂದಿರುಗುತ್ತಿತ್ತೆಂಬುದು ಹೆಚ್ಚಿನವರ ಅಭಿಪ್ರಾಯ. ಆದ್ದರಿಂದ ಅದರೊಳಗಿನ ಮೆಣಸು ನಮ್ಮ ಘಟ್ಟದ್ದೇ ಎಂದು ಹೆಮ್ಮೆಪಡಲು ಆಧಾರವಿಲ್ಲ.

ಆದರೆ ನಮ್ಮ ಕರಾವಳಿಗೂ ಈ ನಗರಕ್ಕೂ ನಡುವೆ ಒಬ್ಬ ಸಾಕ್ಷಿಯಿದ್ದಾನೆ. ಅವನು ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. 1342ರ ಸುಮಾರಿಗೆ ಅವನು ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ದಾಟಿ ಕಲ್ಲಿಕೋಟೆ ತಲುಪಿದ. ಮಂಗಳೂರಿನಲ್ಲಿ ಮೆಣಸು, ಶುಂಠಿ ಹೇರಳವೆಂದೂ ಪರ್ಷಿಯಾ ಮತ್ತು ಯೆಮನ್ ದೇಶಗಳ ವರ್ತಕರು ಅಲ್ಲಿ ಇಳಿಯುತ್ತಾರೆಂದೂ ಬರೆದಿಟ್ಟಿದ್ದಾನೆ. ಕಲ್ಲಿಕೋಟೆಯಲ್ಲಿ ಅವನು ಹದಿಮೂರು ಚೀನೀ ಹಡಗುಗಳನ್ನು ಕಂಡ. ಅಂಥ ಹಡಗುಗಳನ್ನು ಕಟ್ಟುವುದು ಜೈತೂನ್ ಮತ್ತು ಕ್ಯಾಂಟನ್ನಿನಲ್ಲಿ ಮಾತ್ರ ಎಂದೂ, ನಾವಿಕರು ಮರದ ತೊಟ್ಟಿಗಳಲ್ಲಿ ಸೊಪ್ಪು, ಶುಂಠಿ ಬೆಳೆದುಕೊಳ್ಳುತ್ತಾರೆಂದೂ ಹೇಳಿದ್ದಾನೆ. ಸುಲ್ತಾನನ ಕಾಣಿಕೆಗಳನ್ನು ಹೊತ್ತ ಹಡಗು ಅಲ್ಲಿಯೇ ಬಿರುಗಾಳಿಗೆ ಸಿಕ್ಕಿ ಒಡೆಯಿತು. ದೆಹಲಿಗೆ ಮರಳಲು ಹೆದರಿದ ಇಬ್ನ್ ಬತೂತ ಆಶ್ರಯ ಹುಡುಕಿ ಬಂದದ್ದು ಹೊನ್ನಾವರಕ್ಕೆ. ಮೂರು ನಾಲ್ಕು ವರ್ಷಗಳ ಅಲೆದಾಟದ ನಂತರವಷ್ಟೇ ಅವನು ಜೈತೂನಿನಲ್ಲಿ ಇಳಿದ. ಆ ಬಂದರು ಜಗತ್ತಿನಲ್ಲೇ ಅತಿ ದೊಡ್ಡದಿರಬಹುದು ಎಂದು ಅವನಿಗೆ ಅನ್ನಿಸಿತು. ಅವನಿಗಿಂತ ಅರ್ಧ ಶತಮಾನ ಮೊದಲು ಇಲ್ಲಿಂದಲೇ ಹಡಗು ಹತ್ತಿದ ಮಾರ್ಕೊ ಪೋಲೊ ಕೂಡ ಇಲ್ಲಿಗೆ ಬರುವ ಮೆಣಸಿನ ರಾಶಿಯನ್ನು ಕಂಡು ಬೆರಗಾಗಿದ್ದ.

ಇನ್ನು ಕಲ್ಲುಗಳ ಮಾತು. ವಸ್ತುಸಂಗ್ರಹಾಲಯದ ಕಲ್ಲಿನ ವಿಭಾಗದಲ್ಲಿ ಅರಬ್ಬೀ ಲಿಪಿಯ ಗೋರಿಕಲ್ಲುಗಳಿವೆ. ಕಮಲದ ಮೇಲೆ ಶಿಲುಬೆ ಕೆತ್ತಿದ ಕ್ರೈಸ್ತ ಫಲಕಗಳಿವೆ. ಶಿವ, ವಿಷ್ಣು ಗುಡಿಗಳ ಕೆತ್ತನೆಗಳೂ ಇವೆ. ಕೈಯುವಾನ್ ದೇವಾಲಯದ ಹಿಂಬದಿಯಲ್ಲಿ ಕೃಷ್ಣನ ಕಥೆ ಕೆತ್ತಿದ ಕಂಬಗಳು ಇಂದಿಗೂ ನಿಂತಿವೆ. ಈ ನಗರದಲ್ಲಿ ಸಿಕ್ಕ ಒಂದು ತಮಿಳು ಶಾಸನ 1281ನೆಯ ಇಸವಿಯದು. ಅಲ್ಲಿ ಶಿವಾಲಯವೊಂದು ಸ್ಥಾಪನೆಯಾದದ್ದನ್ನು ಅದು ತಿಳಿಸುತ್ತದೆ. ವ್ಯಾಪಾರಕ್ಕೆ ಬಂದವರು ಮನೆ ಮಾಡಿದರು, ದೇವರನ್ನು ತಂದರು, ಸತ್ತಾಗ ಅದೇ ಮಣ್ಣಿಗೆ ಸೇರಿದರು.

ಈ ಕಲ್ಲುಗಳು ಇಷ್ಟು ಒಡೆದಿರುವುದಕ್ಕೆ ಕಾರಣವಿದೆ. 1357ರಲ್ಲಿ ನಗರದ ಪರ್ಷಿಯನ್ ಪಡೆ ಮಂಗೋಲ್ ಸರ್ಕಾರದ ವಿರುದ್ಧ ದಂಗೆ ಎದ್ದಿತು. ಸುಮಾರು ಹತ್ತು ವರ್ಷ ಹೊಡೆದಾಟ ನಡೆದು 1366ರಲ್ಲಿ ದಂಗೆ ಅಡಗಿತು. ಆಗ ದಂಗೆಕೋರರಷ್ಟೇ ಅಲ್ಲ, ಪರದೇಶದವರ ಮುಖವಿದ್ದವರೆಲ್ಲ ದ್ವೇಷಕ್ಕೆ ಗುರಿಯಾದರು. ಅನೇಕರ ಕೊಲೆಯಾಯಿತು. ಮುಂದೆ ಬಂದ ಮಿಂಗ್ ಅರಸರು ಖಾಸಗಿ ಕಡಲ ವ್ಯಾಪಾರವನ್ನೇ ನಿಷೇಧಿಸಿದರು. ಬಂದರಿನಲ್ಲಿ ಹೂಳು ತುಂಬಿತು. ಗೋರಿ, ಗುಡಿ, ಇಗರ್ಜಿಗಳ ಕಲ್ಲುಗಳು ನಗರದ ಕೋಟೆಗೋಡೆಗೆ ಸೇರಿದವು. ಅತಿಥಿಗಳ ನೆನಪನ್ನೇ ಗೋಡೆಯಾಗಿ ಕಟ್ಟಿ ಊರು ಬಾಗಿಲು ಮುಚ್ಚಿಕೊಂಡಿತು.

ಇಪ್ಪತ್ತನೆಯ ಶತಮಾನದಲ್ಲಿ ಆ ಕೋಟೆಯನ್ನು ಕೆಡವಿದಾಗ ಕಲ್ಲುಗಳು ಮತ್ತೆ ಬೆಳಕಿಗೆ ಬಂದವು. ಆಳುವವರಿಗೆ ಅವು ಬರೀ ಕಟ್ಟಡದ ಕಲ್ಲು. ಆದರೆ ವೂ ವೆನ್‌ಲಿಯಾಂಗ್ ಎಂಬ ಶಾಲಾ ಶಿಕ್ಷಕರ ಕಣ್ಣಿಗೆ ಅವು ಬೇರೆಯೇ ಆಗಿ ಕಂಡವು. ಅವರು ಪುರಾತತ್ವ ಇಲಾಖೆಯವರಲ್ಲ, ಇತಿಹಾಸದ ಪ್ರಾಧ್ಯಾಪಕರೂ ಅಲ್ಲ. ವರ್ಷಗಟ್ಟಲೆ ಒಂದೊಂದಾಗಿ ಕಲ್ಲುಗಳನ್ನು ಹುಡುಕಿ ತಂದು ಕಾಪಾಡಿದರು. ತಮ್ಮ ಸಂಗ್ರಹವನ್ನು ಸರ್ಕಾರಕ್ಕೆ ಒಪ್ಪಿಸಿದರು. 1957ರಲ್ಲಿ ಆ ಶಿಲಾಲೇಖಗಳ ಬಗ್ಗೆ ಗ್ರಂಥವನ್ನೂ ಪ್ರಕಟಿಸಿದರು. 2021ರಲ್ಲಿ ಯುನೆಸ್ಕೋ ಚುವಾನ್‌ಜೌ ನಗರದ 22 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವದ ಹಿಂದೆ ಈ ಮೇಷ್ಟರ ಶ್ರಮವೂ ಇದೆ ಎನ್ನದೆ ವಿಧಿಯಿಲ್ಲ.

ಇದು ದೂರದ ಚೀನಾದ ಕಥೆ ಎಂದು ಸುಮ್ಮನಾಗುವ ಹಾಗಿಲ್ಲ. ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾದದ್ದು, ವೀರಗಲ್ಲು ಮೋರಿಯ ಚಪ್ಪಡಿಯಾದದ್ದು ನಮ್ಮಲ್ಲಿ ಹೊಸ ಸುದ್ದಿಯೇನಲ್ಲ. ಇಬ್ನ್ ಬತೂತ ಹಾದುಹೋದ ಬಾರಕೂರಿನಲ್ಲಿ ಇಂದು ಹಡಗಿಲ್ಲ, ರೇವಿನ ಗದ್ದಲವಿಲ್ಲ. ಹಳೆಯ ಗುಡಿಗಳು, ಬಸದಿಯ ಕಂಬಗಳು, ಶಾಸನಗಳು ಉಳಿದಿವೆ. ಅವುಗಳನ್ನು ಓದುವವರು ಇರುವ ತನಕ ಆ ಬಂದರು ಪೂರ್ತಿ ಮುಳುಗಿತೆಂದು ಹೇಳಲಾಗದು. ಚುವಾನ್‌ಜೌ ನಗರದ ಕಲ್ಲುಗಳನ್ನು ಮೊದಲು ಉಳಿಸಿದ್ದು ದೊಡ್ಡ ಸಂಸ್ಥೆಯಲ್ಲ, ಅವುಗಳ ಮುಂದೆ ನಿಂತು ನೋಡಿದ ಒಬ್ಬ ಮೇಷ್ಟರು. ಅಂಥವರು ನಮ್ಮ ಊರುಗಳಲ್ಲೂ ಇದ್ದಾರೆ. ಅವರು ಕಲ್ಲೊಂದನ್ನು ತೋರಿಸಿ ಮಾತಾಡಿದಾಗ ನಿಂತು ಕೇಳುವ ವ್ಯವಧಾನ ಉಳಿದವರಿಗೂ ಬೇಕು.