ತೂಕವಿಲ್ಲದ ಎಂಜಿನು
(ಆಸ್ಟ್ರೇಲಿಯದ ಡೀಸೆಲ್ ರೈಲುಗಳು ಮತ್ತು ಅವುಗಳ ಪುಟ್ಟ ರೂಪಗಳನ್ನು ಕುರಿತ ಉಪನ್ಯಾಸದ ಬರಹರೂಪ)

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1957ರಿಂದ ಓಡಿದ '44 ಕ್ಲಾಸ್' ಎಂಬ ಡೀಸೆಲ್ ಎಂಜಿನಿನ ತೂಕ ನೂರು ಟನ್ನಿಗಿಂತ ತುಸು ಹೆಚ್ಚು. ಉದ್ದ, ಅಗಲ, ಎತ್ತರ ಮೂರನ್ನೂ 87 ಪಟ್ಟು ಕುಗ್ಗಿಸಿದರೆ ಮೇಜಿನ ಮೇಲೆ ಓಡಾಡುವ ಮಾದರಿ ಎಂಜಿನು ಸಿದ್ಧವಾಗುತ್ತದೆ. ಅದರ ತೂಕ ಎಷ್ಟಿರಬೇಕು? 87ರಿಂದ ಒಮ್ಮೆ ಭಾಗಿಸಿದರೆ ಸಾಲದು, ಮೂರು ಸಲ ಭಾಗಿಸಬೇಕು. ಉತ್ತರ ಸುಮಾರು 160 ಗ್ರಾಂ. ಅಂದರೆ ಒಂದು ಸೇಬು ಹಣ್ಣಿನ ತೂಕ. ಅಷ್ಟು ಹಗುರವಾದ ಎಂಜಿನಿನ ಹಿಂದೆ ಹತ್ತು ಡಬ್ಬಿ ಕಟ್ಟಿದರೆ ಚಕ್ರ ನಿಂತಲ್ಲೇ ಜಾರುತ್ತದೆ. ಹಾಗಾಗಿ ತಯಾರಕರು ಅದರ ಹೊಟ್ಟೆಯೊಳಗೆ ಲೋಹದ ಗಟ್ಟಿ ತುಂಬಿ ತೂಕ ಹೆಚ್ಚಿಸುತ್ತಾರೆ. ಬಣ್ಣ, ಕಿಟಕಿ, ಕಂಬಿ ಎಲ್ಲವೂ ಕೂದಲೆಳೆಯಷ್ಟು ತಪ್ಪದಂತೆ ಮಾಡಿದ ಮಾದರಿಯೂ ತೂಕದ ವಿಷಯದಲ್ಲಿ ಮಾತ್ರ ಸುಳ್ಳು ಹೇಳಲೇಬೇಕು.

ಈ ತೂಕದ ಮಾತನ್ನು ಹಿಡಿದುಕೊಂಡೇ ಮುಂದೆ ಹೋಗಬಹುದು. ರೈಲಿನ ನಿಜವಾದ ಬದುಕಿಗೂ ಅದರ ನಕಲಿಗೂ ಇರುವ ಅಂತರ ಇಲ್ಲೇ ಇದೆ.

ಮೊದಲು ನಿಜದ ಎಂಜಿನುಗಳ ಕಥೆ. ಆಸ್ಟ್ರೇಲಿಯಕ್ಕೆ ಡೀಸೆಲ್ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ನೀರಿನ ಕಾರಣಕ್ಕೆ. ಪೋರ್ಟ್ ಆಗಸ್ಟಾದಿಂದ ಕಾಲ್ಗೂರ್ಲಿಗೆ 1917ರಲ್ಲಿ ಮುಗಿದ ರೈಲುಮಾರ್ಗ ನಲ್ಲರ್ಬೋರ್ ಎಂಬ ಮರವಿಲ್ಲದ ಬಯಲನ್ನು ದಾಟುತ್ತದೆ. ಅಲ್ಲಿ ಒಂದು ತಿರುವೂ ಇಲ್ಲದೆ 478 ಕಿಲೋಮೀಟರ್ ನೇರ ಹಳಿಯಿದೆ. ಹತ್ತಿರ ಹತ್ತಿರ ಬೆಂಗಳೂರಿನಿಂದ ಹುಬ್ಬಳ್ಳಿಯವರೆಗಿನ ರೈಲುದಾರಿ ಒಂದೇ ಗೆರೆ ಎಳೆದಂತೆ ಇದ್ದರೆ ಹೇಗೋ ಹಾಗೆ. ಆ ದಾರಿಯುದ್ದಕ್ಕೂ ಒಂದು ನದಿಯಿಲ್ಲ. ಕೊಳವೆ ಬಾವಿ ಕೊರೆದರೆ ಬರುವ ಉಪ್ಪುನೀರು ಉಗಿ ಎಂಜಿನಿನ ಬಾಯ್ಲರನ್ನು ತಿಂದುಹಾಕುತ್ತಿತ್ತು. ಕೊನೆಗೆ ಉಗಿಬಂಡಿ ತನ್ನ ಪಾಲಿನ ನೀರನ್ನು ತಾನೇ ಎಳೆದುಕೊಂಡು ಹೋಗಬೇಕಾಯಿತು. ಸಂತೆಗೆ ಹೋಗುವ ಎತ್ತು ಗಾಡಿಯ ತುಂಬ ಮೇವನ್ನೇ ಹೇರಿಕೊಂಡಂತೆ.

1951ರಲ್ಲಿ ಈ ಮಾರ್ಗಕ್ಕೆ 'ಜಿಎಂ' ಹೆಸರಿನ ಡೀಸೆಲ್ ಎಂಜಿನುಗಳು ಬಂದವು. ಜಿಎಂ ಎಂದರೆ ಜನರಲ್ ಮೋಟಾರ್ಸ್. ಅಮೆರಿಕದ ಆ ಸಂಸ್ಥೆಯ ನಕ್ಷೆ ಪಡೆದು ಸಿಡ್ನಿ ಬಳಿಯ ಗ್ರ್ಯಾನ್‌ವಿಲ್‌ನಲ್ಲಿ ಕ್ಲೈಡ್ ಎಂಜಿನಿಯರಿಂಗ್ ಕಂಪನಿ ಇವನ್ನು ಕಟ್ಟಿತು. ಮೊದಲನೆಯದಕ್ಕೆ ಆಗಿನ ಪ್ರಧಾನಿ ರಾಬರ್ಟ್ ಮೆಂಜಿಸ್ ಅವರ ಹೆಸರನ್ನೇ ಇಟ್ಟರು. ಅಧಿಕಾರದಲ್ಲಿ ಇರುವವರ ಹೆಸರನ್ನು ಯಂತ್ರಕ್ಕೆ ಇಡುವ ಚಾಳಿ ನಮ್ಮಲ್ಲಿ ಮಾತ್ರ ಇರುವುದೇನಲ್ಲ! ಮರುವರ್ಷ ವಿಕ್ಟೋರಿಯ ರಾಜ್ಯಕ್ಕೆ ಅದೇ ಕ್ಲೈಡ್ ಕಂಪನಿ 'ಬಿ ಕ್ಲಾಸ್' ಕಟ್ಟಿಕೊಟ್ಟಿತು. ಅಮೆರಿಕದ ಮೂಲ ಎಂಜಿನಿಗೆ ಗುಂಡನೆಯ ಮೂತಿ ಒಂದೇ ಕಡೆ ಇತ್ತು. ಕೊನೆಯ ನಿಲ್ದಾಣದಲ್ಲಿ ಎಂಜಿನನ್ನು ತಿರುಗಿಸುವ ಗೊಡವೆ ಬೇಡವೆಂದು ವಿಕ್ಟೋರಿಯದವರು ಎರಡೂ ತುದಿಗೆ ಮೂತಿ ಮತ್ತು ಚಾಲಕನ ಕೋಣೆ ಇಡಿಸಿಕೊಂಡರು. ನೀಲಿ ಮತ್ತು ಹೊಂಬಣ್ಣದ ಈ ಎಂಜಿನು ನೋಡಲು ಚೆಂದ. ಮಾದರಿ ರೈಲಿನ ಹವ್ಯಾಸಿಗಳು ಇಂದಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ನ್ಯೂ ಸೌತ್ ವೇಲ್ಸ್ ಒಲಿದದ್ದು ಹೆಚ್ಚಾಗಿ ಇನ್ನೊಂದು ಅಮೆರಿಕನ್ ಮನೆತನಕ್ಕೆ, ಆಲ್ಕೋಗೆ. ಮೊದಲು ಹೇಳಿದ 44 ಕ್ಲಾಸ್ ಆಲ್ಕೋದ ಡಿಎಲ್-500 ಕುಟುಂಬದ್ದು. ಸಿಡ್ನಿಯ ಎ.ಇ. ಗುಡ್ವಿನ್ ಕಾರ್ಖಾನೆಯಲ್ಲಿ ಇಂಥ 100 ಎಂಜಿನುಗಳು ತಯಾರಾದವು. ಇದೇ ಕುಟುಂಬದ ಇನ್ನೂ 100 ಎಂಜಿನುಗಳು 1950ರ ದಶಕದ ಕೊನೆಯಲ್ಲಿ ಅಮೆರಿಕದಿಂದ ಹಡಗೇರಿ ಭಾರತಕ್ಕೆ ಬಂದವು. ಡಬ್ಲ್ಯೂಡಿಎಂ-1 ಎಂದು ಹೆಸರು ಪಡೆದು ನಮ್ಮ ಬ್ರಾಡ್‌ಗೇಜ್ ಮುಖ್ಯಮಾರ್ಗಗಳ ಮೊದಲ ಡೀಸೆಲ್ ಎಂಜಿನುಗಳಾದವು. ಆಸ್ಟ್ರೇಲಿಯದ ಒಳನಾಡಿನ ಗೋಧಿ ರೈಲುಗಳಿಗೆ 1959ರಿಂದ ಬಂದ '48 ಕ್ಲಾಸ್' ನಮಗೆ ಇನ್ನೂ ಹತ್ತಿರದ ನೆಂಟ. ಅದರ ಹೊಟ್ಟೆಯಲ್ಲಿದ್ದದ್ದು ಆರು ಸಿಲಿಂಡರಿನ ಆಲ್ಕೋ 251. ಕರ್ನಾಟಕದ ಮೀಟರ್‌ಗೇಜ್ ಹಳಿಗಳ ಮೇಲೆ ಬಹುಕಾಲ ದುಡಿದ ವೈಡಿಎಂ-4 ಎಂಜಿನಿನಲ್ಲೂ ಅದೇ. ಶಕ್ತಿಯಲ್ಲಿ ವ್ಯತ್ಯಾಸವುಂಟು, ಗುಡುಗುಡು ದನಿಯ ಗತಿ ಮಾತ್ರ ಒಂದೇ ಮನೆತನದ್ದು. ಅರಸೀಕೆರೆ ನಿಲ್ದಾಣದಲ್ಲಿ ಆ ದನಿ ಕೇಳಿ ಬೆಳೆದವರಿಗೆ ಸಿಡ್ನಿಯ ಆಚೆಗಿನ ಹಳ್ಳಿಯೊಂದರಲ್ಲಿ 48 ಕ್ಲಾಸ್ ಸದ್ದು ಅಪರಿಚಿತ ಎನಿಸಲಾರದು.

ಇನ್ನು ಗೇಜಿನ ಗೋಜಲು. ಇಲ್ಲಿ ಸೇರಿರುವವರಲ್ಲಿ ಐವತ್ತು ದಾಟಿದವರಿಗೆ ಮೀರಜ್ ಜಂಕ್ಷನ್ ನೆನಪಿರಬೇಕು. ಮುಂಬಯಿಯ ಬ್ರಾಡ್‌ಗೇಜ್ ರೈಲಿನಿಂದ ಇಳಿದು, ಹಾಸಿಗೆ ಸುರುಳಿ ಟ್ರಂಕು ಹೊತ್ತು, ಬೆಂಗಳೂರಿನ ಮೀಟರ್‌ಗೇಜ್ ಗಾಡಿ ಹತ್ತುವ ಆ ಪಾಡು ಆಸ್ಟ್ರೇಲಿಯದವರಿಗೂ ಇತ್ತು. ಅಲ್ಲಿನ ಮೀರಜ್‌ನ ಹೆಸರು ಆಲ್ಬರಿ. ವಿಕ್ಟೋರಿಯದ ಹಳಿಗಳ ನಡುವಿನ ಅಂತರ 1600 ಮಿಲಿಮೀಟರ್, ನ್ಯೂ ಸೌತ್ ವೇಲ್ಸ್‌ನದು 1435, ಕ್ವೀನ್ಸ್‌ಲ್ಯಾಂಡ್‌ನದು 1067. ಸಿಡ್ನಿಯಲ್ಲಿದ್ದ ಐರಿಷ್ ಎಂಜಿನಿಯರ್ ಒಬ್ಬರು ತಮ್ಮ ದೇಶದ ಅಳತೆಯಾದ 1600 ಸೂಚಿಸಿದರು. ವಿಕ್ಟೋರಿಯ ಒಪ್ಪಿ ಸಾಮಾನು ತರಿಸಿಕೊಂಡಿತು. ಅಷ್ಟರಲ್ಲಿ ಅವರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಬಂದ ಸ್ಕಾಟ್ಲೆಂಡಿನವರು 1435 ಆಗಲಿ ಎಂದರು, ಸಿಡ್ನಿ ಬದಲಾಯಿಸಿಕೊಂಡಿತು, ವಿಕ್ಟೋರಿಯ ಬದಲಾಯಿಸಿಕೊಳ್ಳಲಿಲ್ಲ. ಇದೆಲ್ಲ 1850ರ ದಶಕದ ಮಾತು. ಸಿಡ್ನಿಯಿಂದ ಮೆಲ್ಬರ್ನ್‌ಗೆ ಇಳಿಯದೆ ಹೋಗಲು ಸಾಧ್ಯವಾದದ್ದು 1962ರಲ್ಲಿ. ಒಬ್ಬ ಎಂಜಿನಿಯರ್ ಕೆಲಸ ಬಿಟ್ಟದ್ದಕ್ಕೆ ಮೂರು ತಲೆಮಾರು ಪೆಟ್ಟಿಗೆ ಹೊತ್ತಿತು. ನಂತರವೂ ವ್ಯಾಗನ್‌ಗಳನ್ನು ಜಾಕಿಯಿಂದ ಮೇಲೆತ್ತಿ, ಕೆಳಗಿನ ಚಕ್ರದ ಚೌಕಟ್ಟು ಕಳಚಿ, ಬೇರೆ ಅಗಲದ ಚೌಕಟ್ಟು ಕೂರಿಸಿ ಗಡಿ ದಾಟಿಸುತ್ತಿದ್ದರು.

ವಿಚಿತ್ರವೆಂದರೆ ಈ ಜಗಳ ಮಾದರಿ ರೈಲಿನ ಮೇಜಿಗೂ ಹತ್ತಿದೆ. ಜಗತ್ತಿನೆಲ್ಲೆಡೆ ಸಿಗುವ ಅಗ್ಗದ ಮಾದರಿ ಹಳಿಯ ಅಗಲ 16.5 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ 1435 ಸಿಗುತ್ತದೆ. ಸಿಡ್ನಿಯವರಿಗೆ ಯಾವ ತೊಂದರೆಯೂ ಇಲ್ಲ. ವಿಕ್ಟೋರಿಯದ ಬಿ ಕ್ಲಾಸ್‌ಗೆ ನ್ಯಾಯವಾಗಿ 18.4 ಮಿಲಿಮೀಟರ್ ಹಳಿ ಬೇಕು. ಅಂಥದ್ದು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬಹಳ ಮಂದಿ ಎರಡು ಮಿಲಿಮೀಟರ್ ವ್ಯತ್ಯಾಸ ಯಾರ ಕಣ್ಣಿಗೆ ಬೀಳುತ್ತದೆ ಎಂದುಕೊಂಡು 16.5ರ ಮೇಲೇ ಓಡಿಸುತ್ತಾರೆ. ಕ್ವೀನ್ಸ್‌ಲ್ಯಾಂಡಿನ ಹವ್ಯಾಸಿಗಳು ಇನ್ನೂ ಜಾಣರು. ಅವರು ಹಳಿಯನ್ನು ಹಾಗೇ ಇಟ್ಟು ರೈಲನ್ನೇ ದೊಡ್ಡದು ಮಾಡಿದರು. 87ರ ಬದಲು 64 ಪಟ್ಟು ಕುಗ್ಗಿಸಿದರೆ 1067 ಮಿಲಿಮೀಟರಿನ ಹಳಿ 16.7 ಆಗುತ್ತದೆ, ಅಂಗಡಿಯ ಹಳಿಗೆ ಸರಿಯಾಗಿ ಕೂರುತ್ತದೆ. ನೂರು ವರ್ಷ ಸರ್ಕಾರಗಳು ಬಗೆಹರಿಸದಿದ್ದ ಸಮಸ್ಯೆ ಮನೆಯ ಗ್ಯಾರೇಜಿನಲ್ಲಿ ಬಗೆಹರಿಯಿತು.

ಆದರೆ ಗ್ಯಾರೇಜಿನಲ್ಲಿ ಬಗೆಹರಿಯದ್ದು ದೂರ. ನಲ್ಲರ್ಬೋರಿನ ಆ ನೇರ ಹಳಿಯನ್ನು 87 ಪಟ್ಟು ಕುಗ್ಗಿಸಿದರೂ ಐದೂವರೆ ಕಿಲೋಮೀಟರ್ ಉಳಿಯುತ್ತದೆ. ಯಾರ ಮನೆಯಲ್ಲಿ ಅಷ್ಟು ಜಾಗವಿದೆ? ಕಂಪ್ಯೂಟರ್ ಪ್ರವೇಶಿಸುವುದು ಇಲ್ಲಿ. 2001ರಲ್ಲಿ ಎರಡು ರೈಲು ಸಿಮ್ಯುಲೇಟರುಗಳು, ಅಂದರೆ ರೈಲು ಓಡಿಸುವ ಅನುಭವವನ್ನು ಪರದೆಯ ಮೇಲೆ ಕೊಡುವ ತಂತ್ರಾಂಶಗಳು, ಬಿಡುಗಡೆಯಾದವು. ಮೈಕ್ರೋಸಾಫ್ಟ್‌ನದರಲ್ಲಿ ಅಮೆರಿಕ, ಇಂಗ್ಲೆಂಡ್, ಆಸ್ಟ್ರಿಯ, ಜಪಾನ್ ದೇಶಗಳ ಆರು ಮಾರ್ಗಗಳಿದ್ದವು, ಆಸ್ಟ್ರೇಲಿಯದ್ದು ಒಂದೂ ಇರಲಿಲ್ಲ. ಕೊರತೆ ತುಂಬಿದವರು ಅಲ್ಲಿನ ಹವ್ಯಾಸಿಗಳೇ. ರಾತ್ರಿ ಕೂತು ಎಂಜಿನು, ನಿಲ್ದಾಣ, ಕೈಮರ ಒಂದೊಂದನ್ನೂ ರಚಿಸಿದರು. ಎರಡನೆಯದು ಟ್ರೇನ್ಜ್. ಇದು ಆಸ್ಟ್ರೇಲಿಯದ್ದೇ, ಬ್ರಿಸ್ಬೇನ್ ನಗರದ ಆರನ್ ಕಂಪನಿಯ ಕೂಸು. ಅದರಲ್ಲಿ ರೈಲು ನಡೆಸಲು ಎರಡು ಬಗೆ. ಒಂದರಲ್ಲಿ ಮಾದರಿ ರೈಲಿನಂತೆ ಒಂದು ಗುಂಡಿ ತಿರುವಿದರೆ ಗಾಡಿ ಓಡುತ್ತದೆ, ಹಿಂದಕ್ಕೆ ತಿರುವಿದರೆ ನಿಲ್ಲುತ್ತದೆ. ಇನ್ನೊಂದರಲ್ಲಿ ಚಾಲಕನ ಕೋಣೆಯೊಳಗೆ ಕೂತು ನಿಜದ ಹಿಡಿಕೆಗಳನ್ನೇ ಎಳೆಯಬೇಕು. ತೂಕ ಮರಳಿ ಬರುವುದು ಈ ಎರಡನೆಯದರಲ್ಲಿ.

ಡೀಸೆಲ್ ಎಂಜಿನು ಚಕ್ರವನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಆ ವಿದ್ಯುತ್ತು ಚಕ್ರದ ಮೋಟಾರುಗಳಿಗೆ ಹೋಗುತ್ತದೆ. ಚಾಲಕನ ಹಿಡಿಕೆಗೆ ಸಾಮಾನ್ಯವಾಗಿ ಎಂಟು ಹಂತ. ಒಂದು ಹಂತ ಏರಿಸಿದರೆ ದನಿ ಏರುತ್ತದೆ, ಮುಳ್ಳು ಏರುತ್ತದೆ, ಗಾಡಿ ಮಾತ್ರ ತಕ್ಷಣ ಕದಲುವುದಿಲ್ಲ. ನ್ಯೂ ಸೌತ್ ವೇಲ್ಸ್‌ನ ಆರ್ಡ್‌ಗ್ಲೆನ್ ಬಳಿ ಕಲ್ಲಿದ್ದಲು ರೈಲುಗಳು ಏರುವ ದಾರಿಯ ಇಳಿಜಾರು 40ಕ್ಕೆ 1. ನಲವತ್ತು ಮೀಟರ್ ಹೋದರೆ ಒಂದು ಮೀಟರ್ ಎತ್ತರ. ಕೇಳಲು ಏನೂ ಅಲ್ಲ, ಸೈಕಲ್ಲಿನವನೂ ಹತ್ತಿಯಾನು. ಆದರೆ ಸಾವಿರ ಟನ್ನಿನ ಗಾಡಿಯನ್ನು ಅಲ್ಲಿ ಭೂಮಿ 25 ಟನ್ ಬಲದಿಂದ ಹಿಂದಕ್ಕೆ ಎಳೆಯುತ್ತಿರುತ್ತದೆ. ಹಿಂದಿನಿಂದ ತಳ್ಳಲು ಬೇರೆ ಎಂಜಿನು ಕಟ್ಟುತ್ತಾರೆ. ಮೇಜಿನ ಮೇಲಿನ ಮಾದರಿ ಇಂಥ ಏರನ್ನು ಉಸಿರೂ ಬಿಡದೆ ಹತ್ತುತ್ತದೆ, ವಿದ್ಯುತ್ತು ಕಡಿದರೆ ಅಂಗೈ ಅಗಲದಲ್ಲಿ ನಿಲ್ಲುತ್ತದೆ. ಸಿಮ್ಯುಲೇಟರಿನ ಎಂಜಿನಿಗೆ ಗ್ರಾಂ ತೂಕವೂ ಇಲ್ಲ, ಆದರೆ ಅದರ ಕಡತದಲ್ಲಿ ಟನ್ನು, ಅಶ್ವಶಕ್ತಿ, ಬ್ರೇಕಿನ ಗಾಳಿಯ ಒತ್ತಡ ಎಲ್ಲವೂ ಅಂಕಿಯಾಗಿ ಇವೆ. ಬ್ರೇಕು ತಡವಾಗಿ ಹಾಕಿದರೆ ನಿಲ್ದಾಣ ಹಿಂದೆ ಉಳಿಯುತ್ತದೆ. ಮೇಜಿನ ಎಂಜಿನಿಗೆ ಮೈಯಿದೆ, ತೂಕದ ಪರಿಣಾಮವಿಲ್ಲ. ಪರದೆಯದಕ್ಕೆ ತೂಕದ ಪರಿಣಾಮವಿದೆ, ಮೈಯಿಲ್ಲ.

ಆ ತೂಕಕ್ಕೆ ಮನುಷ್ಯರು ಕೊಟ್ಟ ಬೆಲೆಯೂ ಒಂದಿದೆ. 1969ರ ಫೆಬ್ರುವರಿ 7ರ ಬೆಳಗ್ಗೆ ಸಿಡ್ನಿಯಿಂದ ಮೆಲ್ಬರ್ನ್‌ಗೆ ಬರುತ್ತಿದ್ದ 'ಸದರ್ನ್ ಅರೋರಾ' ಎಂಬ ರಾತ್ರಿ ರೈಲು ವಿಕ್ಟೋರಿಯದ ವಯೊಲೆಟ್ ಟೌನ್ ಬಳಿ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಒಂದೇ ಹಳಿ, ಎದುರಿಗೆ ಗೂಡ್ಸ್ ಗಾಡಿ. 9 ಮಂದಿ ಸತ್ತರು. ಡಿಕ್ಕಿಗೆ ಮೊದಲೇ ಚಾಲಕ ಹೃದಯಾಘಾತದಿಂದ ತೀರಿಕೊಂಡಿದ್ದರು. ಜೀವವಿಲ್ಲದ ಚಾಲಕನನ್ನು ಹೊತ್ತು ರೈಲು ತನ್ನ ಪಾಡಿಗೆ ಓಡಿತ್ತು. 2003ರ ಜನವರಿ 31ರಂದು ಸಿಡ್ನಿಯ ದಕ್ಷಿಣಕ್ಕೆ ವಾಟರ್‌ಫಾಲ್ ಬಳಿ ಇದೇ ಕಥೆ ಮರುಕಳಿಸಿತು. ಅದು ಡೀಸೆಲ್ ಅಲ್ಲ, ವಿದ್ಯುತ್ ರೈಲು. ಚಾಲಕನ ಕಾಲು ಎದ್ದರೆ ತಾನಾಗಿ ಬ್ರೇಕು ಹಾಕುವ ಪೆಡಲ್ ಅದರಲ್ಲಿತ್ತು. ಕುಸಿದ ಚಾಲಕನ ದೇಹದ ಭಾರವೇ ಆ ಪೆಡಲನ್ನು ಒತ್ತಿಹಿಡಿಯಿತು. 60 ಕಿಲೋಮೀಟರ್ ವೇಗದ ತಿರುವಿನಲ್ಲಿ ಗಾಡಿ 117ರಲ್ಲಿ ಹೋಗಿ ಉರುಳಿತು. ಚಾಲಕನೂ ಸೇರಿ 7 ಮಂದಿ ಹೋದರು. ಕಾಲಿನ ಭಾರವನ್ನು ಮಾತ್ರ ನಂಬಿದರೆ ಸತ್ತವನ ಭಾರವೂ ಬದುಕಿದವನದೇ ಎಂದು ಯಂತ್ರ ತಿಳಿಯುತ್ತದೆ. ಎಚ್ಚರಿಕೆ ಗುಂಡಿ ಬೇಕಾಗುವುದು ಇದಕ್ಕೇ. ಆಗಾಗ ದೀಪ ಹೊತ್ತುತ್ತದೆ, ಸದ್ದಾಗುತ್ತದೆ, ಚಾಲಕ ಒತ್ತಬೇಕು. ಒತ್ತದಿದ್ದರೆ ಗಾಡಿ ತಾನೇ ನಿಲ್ಲುತ್ತದೆ.

ಈ ಗುಂಡಿ ಸಿಮ್ಯುಲೇಟರುಗಳಲ್ಲೂ ಇದೆ. ಮೈಕ್ರೋಸಾಫ್ಟ್‌ನ ಹಳೆಯ ಮಾರ್ಗಗಳನ್ನು ಇಂದಿಗೂ ಓಡಿಸುವ 'ಓಪನ್ ರೈಲ್ಸ್' ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಬೇಕೆಂದರೆ ಇಟ್ಟುಕೊಳ್ಳಬಹುದು, ಬೇಡವೆಂದರೆ ತೆಗೆದುಹಾಕಬಹುದು. ಕಿರಿಕಿರಿ ಎಂದು ತೆಗೆಯುವವರನ್ನು ಬೈಯಲಾಗದು, ಮನೆಯ ಕುರ್ಚಿಯಲ್ಲಿ ಯಾರ ಪ್ರಾಣಕ್ಕೂ ಅಪಾಯವಿಲ್ಲ.

ಆಸ್ಟ್ರೇಲಿಯದಲ್ಲಿ ಈಗ ರಾಜ್ಯಗಳ ಹಳೆಯ ರೈಲ್ವೆಗಳು ಬಹುಮಟ್ಟಿಗೆ ಉಳಿದಿಲ್ಲ. 1990ರ ದಶಕದಿಂದ ಸರಕು ಸಾಗಣೆ ಒಂದೊಂದಾಗಿ ಖಾಸಗಿಯವರ ಕೈಸೇರಿತು. ವಿಕ್ಟೋರಿಯದ ನೀಲಿ ಹೊಂಬಣ್ಣ, ನ್ಯೂ ಸೌತ್ ವೇಲ್ಸ್ ಕೆಲಕಾಲ ಬಳಿದ, 'ಇಂಡಿಯನ್ ರೆಡ್' ಎಂದೇ ಹೆಸರಾದ ಕೆಮ್ಮಣ್ಣಿನ ಬಣ್ಣ ನೋಡಬೇಕೆಂದರೆ ಮ್ಯೂಸಿಯಮ್ಮಿಗೆ, ಮೇಜಿಗೆ ಇಲ್ಲವೇ ಪರದೆಗೆ ಹೋಗಬೇಕು. ಹಾಗೆಂದು ಎಂಜಿನುಗಳು ಪೂರ್ತಿ ಸತ್ತಿಲ್ಲ. 48 ಕ್ಲಾಸಿನ ಕೆಲವು ಅರವತ್ತು ವರ್ಷ ದಾಟಿ 2020ರ ದಶಕದಲ್ಲೂ ಸಣ್ಣ ಕಂಪನಿಗಳ ಸರಕು ಗಾಡಿ ಎಳೆದಿವೆ. ಅವು ಬರುವ ದಾರಿಯಲ್ಲಿ ಧ್ವನಿಮುದ್ರಣ ಯಂತ್ರ ಹಿಡಿದು ಕಾಯುವವರೂ ಇದ್ದಾರೆ. ಎಂಟೂ ಹಂತಗಳ ಸದ್ದನ್ನು ಬೇರೆ ಬೇರೆಯಾಗಿ ಹಿಡಿದು ಮಾದರಿ ಎಂಜಿನಿನೊಳಗಿನ ಚಿಪ್ಪಿಗೂ ಸಿಮ್ಯುಲೇಟರಿಗೂ ತುಂಬುತ್ತಾರೆ. ಎಂಟನೇ ಹಂತದ ಸದ್ದು ಸಿಗಬೇಕಾದರೆ ಗಾಡಿ ತುಂಬಿರಬೇಕು, ದಾರಿ ಏರಿರಬೇಕು. ಖಾಲಿ ಎಂಜಿನು ಆ ದನಿ ತೆಗೆಯುವುದಿಲ್ಲ.